ಠೇವಣಿ ಇಡಲು ಹೋದವರ ಕೈಗೆ ಪಾಲಿಸಿ

ಸಿಂಧನೂರಿನಂಥ ಊರಿನಲ್ಲಿ ಯಾರ ಖಾತೆಗೆ ನಿವೃತ್ತಿಯ ಹಣ ಯಾವಾಗ ಬೀಳುತ್ತದೆ ಎಂಬುದು ಮನೆಯವರಿಗಿಂತ ಮೊದಲು ಬ್ಯಾಂಕಿನವರಿಗೆ ಗೊತ್ತಾಗುತ್ತದೆ, ಗೊತ್ತಾದ ಗಳಿಗೆಯಿಂದಲೇ ಆ ಖಾತೆದಾರರು ಮಾರ್ಚ್ ತಿಂಗಳ ಟಾರ್ಗೆಟ್ಟಿನ ಲೆಕ್ಕಕ್ಕೆ ಸೇರಿಬಿಡುತ್ತಾರೆ. ನನ್ನ ತಂದೆ ಸಿಂಧನೂರು, ಮಸ್ಕಿ ಭಾಗದ ಹಳ್ಳಿಗಳ ಸರ್ಕಾರಿ ಶಾಲೆಗಳಲ್ಲಿ ಆಯುಷ್ಯವಿಡೀ ಪಾಠ ಹೇಳಿ ನಿವೃತ್ತರಾದವರು. ಗ್ರಾಚ್ಯುಟಿ ಮತ್ತು ಕಮ್ಯುಟೇಶನ್ (ಪೆನ್ಷನ್ನಿನ ಒಂದು ಭಾಗವನ್ನು ಮುಂಗಡವಾಗಿ ಒಟ್ಟಿಗೆ ಪಡೆಯುವ ಹಣ) ಸೇರಿ ಬಂದ ಇಪ್ಪತ್ತು ಲಕ್ಷ ರೂಪಾಯಿಯನ್ನು ಎಫ್‌ಡಿ ಇಡಬೇಕೆಂದು 2025ರ ಮಾರ್ಚ್‌ನಲ್ಲಿ ಅವರು ತಮ್ಮ ಪೆನ್ಷನ್ ಖಾತೆಯಿರುವ ಬ್ಯಾಂಕಿಗೆ ಹೋದರು. ಅವರನ್ನು ಕ್ಯಾಬಿನ್ನಿನಲ್ಲಿ ಕೂರಿಸಿ, ಚಹಾ ತರಿಸಿ, "ಎಫ್‌ಡಿಗಿಂತ ಚಲೋದು ಐತ್ರಿ ಮಾಸ್ತರ್ರೇ, ವರ್ಷಕ್ಕ ನಾಲ್ಕು ಲಕ್ಷದಂಗ ಐದು ವರ್ಷ ಹಾಕ್ರಿ, ಆಮ್ಯಾಲೆ ಗ್ಯಾರಂಟಿ ಡಬಲ್" ಎಂದು ಮೂಗಿಗೆ ತುಪ್ಪ ಸವರಿದರು.

ಅದು ಜೀವವಿಮೆಯ ಪಾಲಿಸಿ ಎಂಬುದು ಮನೆಯಲ್ಲಿ ಯಾರಿಗೂ ತಿಳಿದದ್ದು ಎರಡನೆಯ ಕಂತು ಕಟ್ಟಿ ಎಂಬ ಸಂದೇಶ ಮೊಬೈಲಿಗೆ ಬಂದಾಗ. ತಂದೆಯವರಿಗೆ ಅರವತ್ತು ದಾಟಿದ್ದರಿಂದ ವಿಮೆಯನ್ನು ಅವರ ಜೀವದ ಮೇಲೆ ಮಾಡದೆ, ಹೊಸಪೇಟೆಯಲ್ಲಿ ಕೆಲಸ ಮಾಡುವ ನನ್ನ ತಮ್ಮನ ಜೀವದ ಮೇಲೆ ಮಾಡಿದ್ದಾರೆ. ಅವನ ಸಹಿ ಬೇಕೆಂದಾಗ ನಾಮಿನಿಯದ್ದು ಎಂದು ಹೇಳಿ ಕಾಗದವನ್ನು ಮನೆಗೆ ಕಳಿಸಿದ್ದರು. ಅಂದರೆ ನಾಳೆ ತಂದೆಯವರಿಗೆ ಏನಾದರೂ ಆದರೆ ಈ ಪಾಲಿಸಿಯಿಂದ ನಮ್ಮ ತಾಯಿಗೆ ವಿಮೆಯ ಒಂದು ರೂಪಾಯಿಯೂ ಬರುವುದಿಲ್ಲ, ಬದಲಿಗೆ ಉಳಿದ ಕಂತುಗಳನ್ನು ಕಟ್ಟುವ ಹೊಣೆ ಉಳಿಯುತ್ತದೆ. ದುಡಿಮೆ ನಿಂತ ಮೇಲೆ ಮನುಷ್ಯನಿಗೆ ಬೇಕಾಗುವುದು ಕೈಗೆ ಬರುವ ಆದಾಯ, ಮತ್ತು ಆಸ್ಪತ್ರೆ ಖರ್ಚು ಬಂದಾಗ ತೆಗೆಯಲು ಸಿಗುವ ಹಣ. ಇವರು ಕೊಟ್ಟದ್ದು ವರ್ಷಕ್ಕೆ ನಾಲ್ಕು ಲಕ್ಷದ ಹೊಸ ಸಾಲದಂಥ ಹೊರೆ.

ಅರ್ಜಿಯ ಪ್ರತಿಯನ್ನು ಹಟ ಹಿಡಿದು ತರಿಸಿ ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಉದ್ಯೋಗ ಎಂಬಲ್ಲಿ 'ವ್ಯಾಪಾರ' ಎಂದಿದೆ, ಪೆನ್ಷನ್ ಬಿಟ್ಟು ಬೇರೆ ಹುಟ್ಟುವಳಿಯಿಲ್ಲದ ಮನುಷ್ಯನ ವಾರ್ಷಿಕ ಆದಾಯ ಹನ್ನೆರಡು ಲಕ್ಷ ಎಂದಿದೆ, ಜನ್ಮದಲ್ಲಿ ಇ-ಮೇಲ್ ಬಳಸದವರ ಹೆಸರಿನಲ್ಲಿ ಒಂದು ಇ-ಮೇಲ್ ವಿಳಾಸವೂ ಇದೆ. ಅದನ್ನು ಸೃಷ್ಟಿಸಿದವರು ಯಾರೆಂದು ಬೇರೆ ಹೇಳಬೇಕಿಲ್ಲ. ಪಾಲಿಸಿ ಬಾಂಡ್ ಹೋಗಿ ಬಿದ್ದದ್ದು ಆ ಇ-ಮೇಲಿಗೆ. ಪಾಲಿಸಿ ತಲುಪಿದ 30 ದಿನಗಳೊಳಗೆ ಅದನ್ನು ಹಿಂದಿರುಗಿಸಿ, ಸಣ್ಣಪುಟ್ಟ ಖರ್ಚು ಕಳೆದು ಉಳಿದ ಹಣವನ್ನು ಮರಳಿ ಪಡೆಯುವ ಹಕ್ಕನ್ನು ವಿಮಾ ನಿಯಂತ್ರಣ ಪ್ರಾಧಿಕಾರ ಕೊಟ್ಟಿದೆ, ಆದರೆ ಕಣ್ಣಿಗೇ ಬೀಳದ ಬಾಂಡನ್ನು ಹಿಂದಿರುಗಿಸುವುದು ಹೇಗೆ? ಖಾತ್ರಿಪಡಿಸಿಕೊಳ್ಳಲು ಕಂಪನಿಯಿಂದ ಬರುವ ಕರೆಗೂ ಪಾಠ ಹೇಳಿಕೊಟ್ಟಿದ್ದರು: "ಏನ್ ಕೇಳಿದ್ರೂ ಹೌದು ಅನ್ರಿ ಸಾಕು." ಜೀವನಪೂರ್ತಿ ಮಕ್ಕಳಿಗೆ ಉತ್ತರ ಹೇಳಿಕೊಟ್ಟವರಿಗೆ ಉತ್ತರ ಹೇಳಿಕೊಟ್ಟ ಧೈರ್ಯ ನೋಡಿ.

ಇದೆಲ್ಲಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಬೇರೆಯಿದೆ. ಹಿರಿಯ ನಾಗರಿಕರ ಉಳಿತಾಯ ಯೋಜನೆ ಎಂಬ ಕೇಂದ್ರ ಸರ್ಕಾರದ ಯೋಜನೆಯ ಖಾತೆಯನ್ನು ಅಂಚೆ ಕಚೇರಿಯಲ್ಲಷ್ಟೇ ಅಲ್ಲ, ಅದೇ ಬ್ಯಾಂಕಿನ ಅದೇ ಶಾಖೆಯಲ್ಲಿಯೂ ತೆರೆಯಬಹುದಾಗಿತ್ತು. 2023ರ ಏಪ್ರಿಲ್‌ನಲ್ಲಿ ಅದರ ಮಿತಿಯನ್ನು 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಲಾಗಿದೆ, ತಂದೆಯವರು ಹೋದ ದಿನ ಅದರ ಬಡ್ಡಿ ಶೇಕಡಾ 8.2 ಇತ್ತು, ಮತ್ತು ಖಾತೆ ತೆರೆದ ದಿನದ ದರ ಐದು ವರ್ಷವೂ ಬದಲಾಗುವುದಿಲ್ಲ. ಇಪ್ಪತ್ತು ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 41,000 ರೂಪಾಯಿ ಖಾತೆಗೆ ಬರುತ್ತಿತ್ತು. ನಡುವೆ ಖಾತೆ ಮುಚ್ಚಬೇಕಾಗಿ ಬಂದರೂ ಮೊದಲ ವರ್ಷದ ನಂತರ ಶೇಕಡಾ ಒಂದೂವರೆ, ಎರಡು ವರ್ಷದ ನಂತರ ಶೇಕಡಾ ಒಂದು ಮಾತ್ರ ಅಸಲಿನಲ್ಲಿ ಕಡಿತವಾಗುತ್ತದೆ. ಪಾಲಿಸಿಯನ್ನು ಒಂದು ವರ್ಷಕ್ಕೇ ಬಿಟ್ಟರೂ ಏನಾದರೂ ಮರಳಿಸಬೇಕು ಎಂಬ ನಿಯಮ 2024ರ ಅಕ್ಟೋಬರ್‌ನಿಂದ ಬಂದಿದೆಯಾದರೂ, ಆ ಸರೆಂಡರ್ ಮೊತ್ತ ಕಟ್ಟಿದ ಕಂತಿಗಿಂತ ಎಷ್ಟು ಕಡಿಮೆಯೆಂದು ಕೇಳಿದ ದಿನ ತಂದೆಯವರು ಊಟ ಮಾಡಲಿಲ್ಲ. ಪಾಲಿಸಿ ಮಾರಿದರೆ ಬ್ಯಾಂಕಿಗೆ ಕಮಿಷನ್ ಸಿಗುತ್ತದೆ, ಉಳಿತಾಯ ಯೋಜನೆಯಲ್ಲಿ ಅಂಥ ಕಮಿಷನ್ ಇಲ್ಲ, ಆದ್ದರಿಂದ ಅದರ ಹೆಸರು ಕ್ಯಾಬಿನ್ನಿನಲ್ಲಿ ಯಾರ ಬಾಯಿಂದಲೂ ಬರಲಿಲ್ಲ.

ನಿವೃತ್ತರಷ್ಟೇ ಇವರಿಗೆ ಸಿಗುವುದೂ ಅಲ್ಲ. ಭತ್ತ ಮಾರಿದ ಹಣ ಖಾತೆಗೆ ಬಂದ ರೈತರಿಗೂ ಇಂಥವೇ ಕರೆಗಳು ಹೋಗುತ್ತವೆ. 2023ರ ಬರದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಎರಡನೆಯ ಬೆಳೆಗೆ ನೀರು ಸಿಗದೆ ಹೊಲಗಳು ಬೀಳು ಬಿದ್ದಿದ್ದವು. ಕಾಲುವೆಯನ್ನು ನಂಬಿದ ಮನೆಗೆ ವರ್ಷವರ್ಷ ತಪ್ಪದೆ ಕಟ್ಟಬೇಕಾದ ಕಂತನ್ನು ಅಂಟಿಸುವವರು ಒಂದು ಸಲ ಅಣೆಕಟ್ಟೆಯ ನೀರಿನ ಮಟ್ಟವನ್ನಾದರೂ ವಿಚಾರಿಸುತ್ತಾರೆಯೇ?

ಬ್ಯಾಂಕುಗಳು ವಿಮೆಯನ್ನು ತಪ್ಪಾಗಿ ಮಾರುತ್ತಿರುವುದರ ಬಗ್ಗೆ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೇ 2024ರ ನವೆಂಬರ್‌ನಲ್ಲಿ ಬಹಿರಂಗವಾಗಿ ಬೇಸರ ವ್ಯಕ್ತಪಡಿಸಿದ್ದರು. ಅದಾಗಿ ನಾಲ್ಕು ತಿಂಗಳಿಗೆ ನಮ್ಮ ಮನೆಯ ಹಣ ಹೋಯಿತು. ಶಾಖೆಗೆ ಹೋಗಿ ಕೇಳಿದರೆ, ಮಾರಿದವರು ವರ್ಗವಾಗಿ ಹೋಗಿದ್ದಾರಂತೆ, "ಸಹಿ ನಿಮ್ಮದೇ ಐತೆಲ್ರಿ" ಎಂಬುದು ಹೊಸ ಮ್ಯಾನೇಜರರ ಉತ್ತರ. ಸಹಿ ಅವರದೇ, ಸುಳ್ಳು ಯಾರದು? ಪೂರ್ತಿ ಇಂಗ್ಲಿಷಿನಲ್ಲಿದ್ದ ಅರ್ಜಿಯ ಕೊನೆಯಲ್ಲಿ 'ನನಗೆ ಕನ್ನಡದಲ್ಲಿ ವಿವರಿಸಲಾಗಿದೆ' ಎಂಬ ಸಾಲಿನ ಕೆಳಗೆ ಸಹಿ ಹಾಕಿಸಿಕೊಂಡವರು ವಿವರಿಸಿದ್ದಾದರೂ ಏನನ್ನು?

ಈಗ ವಿಮಾ ಕಂಪನಿಗೂ ಬ್ಯಾಂಕಿಗೂ ಬೇರೆ ಬೇರೆಯಾಗಿ ಲಿಖಿತ ದೂರು ಕೊಟ್ಟಿದ್ದೇವೆ. ಕಂಪನಿ ಒಂದು ತಿಂಗಳಲ್ಲಿ ಉತ್ತರಿಸದಿದ್ದರೆ ಅಥವಾ ತಿರಸ್ಕರಿಸಿದರೆ ವಿಮೆಯ ದೂರುಗಳನ್ನು ಇತ್ಯರ್ಥಪಡಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ಅರ್ಜಿ ಹಾಕಬಹುದು, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಬ್ಯಾಂಕಿನ ಮೇಲಿನ ದೂರು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗುತ್ತದೆ. ಇದೇ ಸ್ಥಿತಿಯಲ್ಲಿರುವವರು ಮೊದಲು ಅರ್ಜಿಯ ಪ್ರತಿ ಮತ್ತು ಖಾತ್ರಿ ಕರೆಯ ಧ್ವನಿಮುದ್ರಣ ಎರಡನ್ನೂ ಬರವಣಿಗೆಯಲ್ಲೇ ಕೇಳಿರಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಕದಲಬೇಡಿರಿ. ನಮಗೆ ಅರ್ಜಿಯ ಪ್ರತಿ ಸಿಕ್ಕಿದೆ. ಧ್ವನಿಮುದ್ರಣ ಕೇಳಿದ ಪತ್ರಕ್ಕೆ ಇಂದಿನವರೆಗೂ ಉತ್ತರವಿಲ್ಲ, ಎರಡನೆಯ ಕಂತಿನ ನೆನಪೋಲೆ ಮಾತ್ರ ವಾರಕ್ಕೊಮ್ಮೆ ತಪ್ಪದೆ ಬರುತ್ತಿದೆ.