ಬಿದ್ದ ದೊಡ್ಡ ಮರಕ್ಕೆ ತೋಟದವರೇ ದೊಡ್ಡ ಮಿಷನ್ ಕೊಳ್ಳಬೇಕಾ?

ಜೂನ್‌ನಿಂದ ಆಗಸ್ಟ್‌ವರೆಗಿನ ಗಾಳಿಮಳೆಗೆ ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ಕಾಫಿ ತೋಟಗಳಲ್ಲಿ ನೆರಳಿನ ಮರ ಉರುಳುವುದು ಹೊಸದಲ್ಲ. ಸಿಲ್ವರ್ ಓಕ್ ಬಿದ್ದರೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಮತ್ತಿ, ನಂದಿ, ಹೊನ್ನೆ, ಹಲಸು ಬುಡಸಮೇತ ಮಲಗಿದಾಗ ಮಾತು ಬೇರೆ. ಇಂಜಿನ್ ಗಾತ್ರ 70 ಸಿಸಿಗೆ ಮೇಲಿರುವ ವೃತ್ತಿಪರ ಚೈನ್‌ಸಾ, ಅಂದರೆ ಮರ ಕೊಯ್ಯುವ ಮಿಷನ್ ಒಂದನ್ನು ತೋಟದವರೇ ಇಟ್ಟುಕೊಳ್ಳಬೇಕಾ?

ಪರ

ಇಟ್ಟುಕೊಳ್ಳಲೇಬೇಕು. ದೊಡ್ಡ ದಿಮ್ಮಿಯ ಮೇಲೆ ಚಿಕ್ಕ ಮಿಷನ್ ಓಡಿಸುವುದರಿಂದಲೇ ಎಷ್ಟೋ ತೊಂದರೆ ಶುರುವಾಗುತ್ತದೆ.

ಬಹಳಷ್ಟು ತೋಟಗಳಲ್ಲಿ ಇರುವುದು 45 ಸಿಸಿ ಆಸುಪಾಸಿನದು. ಸ್ಟಿಲ್ ಎಂಎಸ್ 250 ತೆಗೆದುಕೊಳ್ಳಿ. 45.4 ಸಿಸಿ, 2.3 ಕಿಲೋವ್ಯಾಟ್. ಮರಗಸಿಯ (ನೆರಳಿನ ಮರ ಸವರುವ ಕೆಲಸದ) ಕೊಂಬೆಗೆ, ಸೌದೆಗೆ ಧಾರಾಳವಾಗಿ ಸಾಕು. ಅದನ್ನೇ ಎರಡೂವರೆ ಅಡಿ ದಪ್ಪದ ಮತ್ತಿಗೆ ಹಚ್ಚಿ ನೋಡಿ. ಬಾರ್, ಅಂದರೆ ಚೈನ್ ಸುತ್ತುವ ಉದ್ದ ಪಟ್ಟಿ, ಮರದೊಳಗೆ ಇಳಿದ ಹಾಗೆ ಚೈನಿನ ವೇಗ ಬಿದ್ದುಹೋಗುತ್ತದೆ. ಕೊಯ್ಯುವವನು ಮೈಭಾರ ಹಾಕಿ ಒತ್ತುತ್ತಾನೆ. ಬಾರ್ ಕಾಯುತ್ತದೆ, ಕ್ಲಚ್ ಜಾರುತ್ತದೆ, ಇಂಜಿನ್ ಅತಿಯಾಗಿ ಬಿಸಿಯಾಗುತ್ತದೆ. ಮಿಷನ್ ಹಾಳಾದರೆ ಹೋಗಲಿ. ಒತ್ತಿ ಒತ್ತಿ ಸೋತ ಕೈ ಹಿಡಿತ ತಪ್ಪಿದರೆ ಏನು ಗತಿ?

ಅದೇ ಕಂಪನಿಯ ಎಂಎಸ್ 382ಕ್ಕೆ 72.2 ಸಿಸಿ, 3.9 ಕಿಲೋವ್ಯಾಟ್ ಇದೆ. ಹಸ್ಕ್‌ವರ್ನಾ 372 ಎಕ್ಸ್‌ಪಿಗೆ 70.7 ಸಿಸಿ, 4.1 ಕಿಲೋವ್ಯಾಟ್. ಇಂಥದ್ದರಲ್ಲಿ ಬಾರಿನ ಬುಡದ ಕಬ್ಬಿಣದ ಮುಳ್ಳನ್ನು ದಿಮ್ಮಿಗೆ ಆನಿಸಿ, ಹಿಂದಿನ ಹಿಡಿಯನ್ನು ಮೆಲ್ಲಗೆ ಎತ್ತಿದರೆ ಸಾಕು. ಚೂಪಾದ ಚೈನ್ ತಾನೇ ಇಳಿಯುತ್ತದೆ.

ನಮ್ಮ ಇಳಿಜಾರಿನಲ್ಲಿ ಇನ್ನೊಂದು ವಿಷಯವಿದೆ. 18 ಇಂಚಿನ ಬಾರಿನಲ್ಲಿ ಎರಡೂವರೆ ಅಡಿ ದಿಮ್ಮಿ ತುಂಡಾಗಬೇಕಾದರೆ ಎರಡೂ ಕಡೆಯಿಂದ ಕೊಯ್ಯಬೇಕು. ಅಂದರೆ ಒಬ್ಬ ಮನುಷ್ಯ ದಿಮ್ಮಿಯ ಕೆಳಗಿನ ಮಗ್ಗುಲಿಗೆ ಇಳಿಯಬೇಕು. ಅದು ಹೊರಳುವುದು ಆ ಕಡೆಗೇ. 30 ಇಂಚಿನ ಬಾರ್ ಇದ್ದರೆ ಮೇಲಿನ ಮಗ್ಗುಲಲ್ಲೇ ನಿಂತು ಕೆಲಸ ಮುಗಿಸಬಹುದು. ಅಷ್ಟುದ್ದದ ಬಾರನ್ನು 45 ಸಿಸಿ ಇಂಜಿನ್ ಎಳೆಯುವುದಿಲ್ಲ, ಅದರ ಆಯಿಲ್ ಪಂಪಿಗೂ ಬಾರಿನ ತುದಿಯವರೆಗೆ ಸಾಕಷ್ಟು ಎಣ್ಣೆ ಕೊಡಲು ಆಗುವುದಿಲ್ಲ. ನನಗೆ ಮಿಕ್ಕ ಎಲ್ಲ ವಾದಕ್ಕಿಂತ ಇದೇ ದೊಡ್ಡದು.

ಬಾಡಿಗೆಗೆ ಕರೆಸಿದರೆ ಆಗದೇ ಎನ್ನುತ್ತಾರೆ. ಗಾಳಿ ಬೀಸಿದ ದಿನ ಊರಿಗೆ ಊರೇ ಮಿಷನ್‌ನವನಿಗೆ ಫೋನ್ ಮಾಡುತ್ತಿರುತ್ತದೆ. ಅವನು ಬರುವವರೆಗೆ ತೋಟದ ರಸ್ತೆ ಬಂದ್, ಮರದಡಿ ಸಿಕ್ಕ ಕಾಫಿ ಗಿಡ ಅಲ್ಲೇ.

ಕೊಳ್ಳುವವರು ಮೈಮೇಲೆ ಬರೆದ ಸಿಸಿ ನೋಡಿ ಮರುಳಾಗಬಾರದು. ಇಂಜಿನ್ನಿನ ಬಲ ಹೇಳುವ ಕಿಲೋವ್ಯಾಟ್ ಕೇಳಿ. ಇಂಜಿನ್ ಗೂಡು ಮೆಗ್ನೀಸಿಯಂನದೋ ಪ್ಲಾಸ್ಟಿಕ್ಕಿನದೋ ಕೇಳಿ. ಹಿಡಿಗೆ ಅದುರು ತಡೆಯುವ ಸ್ಪ್ರಿಂಗ್ ಇದೆಯಾ, ಎಣ್ಣೆ ಹೆಚ್ಚು ಕಡಿಮೆ ಮಾಡುವ ತಿರುಪು ಇದೆಯಾ, ಬಿಡಿಭಾಗ ತಾಲೂಕು ಕೇಂದ್ರದಲ್ಲೇ ಸಿಗುತ್ತದಾ ನೋಡಿ. ಬಿದ್ದ ಮರದ ತೊಗಟೆಗೆ ಮಣ್ಣು ಮೆತ್ತಿರುತ್ತದೆ. ಅದಕ್ಕೆ ಮೂಲೆ ಚೂಪಾಗಿರುವ ಹಲ್ಲಿಗಿಂತ ಮೂಲೆ ಸ್ವಲ್ಪ ಉರುಟಾದ ಸೆಮಿ ಚಿಸೆಲ್ ಚೈನ್ ಒಳ್ಳೆಯದು. ಜಾಸ್ತಿ ಹೊತ್ತು ಹರಿತ ಉಳಿಯುತ್ತದೆ.

ವಿರೋಧ

ಬೇಡ. ಕೆಳಗಿನ ಮಗ್ಗುಲಿಗೆ ಇಳಿಯಬಾರದು ಎನ್ನುವ ಮಾತನ್ನು ಒಪ್ಪುತ್ತೇನೆ. ಆದರೆ ಅಂಥ ಮರವನ್ನು ಉದ್ದ ಬಾರ್ ಇದೆ ಎಂಬ ಧೈರ್ಯದಲ್ಲಿ ನಾವೇ ಕೊಯ್ಯಲು ಹೋಗುವುದು ತಪ್ಪು.

ಲೆಕ್ಕ ಹಾಕಿ. ಹಸಿ ಗಟ್ಟಿಮರ ಒಂದು ಘನ ಮೀಟರಿಗೆ ಸುಮಾರು ಒಂದು ಟನ್ ತೂಗುತ್ತದೆ. ಮೂರಡಿ ದಪ್ಪ, ಹತ್ತಡಿ ಉದ್ದದ ಒಂದು ತುಂಡು ಎರಡು ಟನ್. ಆ ಭಾರ ಎಲ್ಲಿ ಕೂತಿದೆ, ಕೊಯ್ದ ಮೇಲೆ ಎತ್ತ ಹೋಗುತ್ತದೆ ಎಂದು ಮೊದಲು ತಿಳಿಯಬೇಕು. ಎರಡೂ ತುದಿ ನೆಲಕ್ಕೆ ಆನಿ ನಡುವೆ ಕೆಳಗೆ ಆಸರೆ ಇಲ್ಲದಿದ್ದರೆ ದಿಮ್ಮಿಯ ಮೇಲ್ಭಾಗ ಒತ್ತಿಕೊಂಡಿರುತ್ತದೆ, ಕೆಳಭಾಗ ಎಳೆದುಕೊಂಡಿರುತ್ತದೆ. ಮೇಲಿನಿಂದ ಮೂರನೇ ಒಂದು ಭಾಗದಷ್ಟು ಕೊಯ್ದು, ಮಿಕ್ಕಿದ್ದನ್ನು ಕೆಳಗಿನಿಂದ ಮುಗಿಸಬೇಕು. ಒಂದು ತುದಿ ಗಾಳಿಯಲ್ಲಿ ನಿಂತಿದ್ದರೆ ಪೂರಾ ಉಲ್ಟಾ. ಮೊದಲು ಕೆಳಗಿನಿಂದ, ಆಮೇಲೆ ಮೇಲಿನಿಂದ. ತಪ್ಪಿದರೆ ಬಾರ್ ಒಳಗೇ ಕಚ್ಚಿಕೊಳ್ಳುತ್ತದೆ, ಇಲ್ಲವೇ ದಿಮ್ಮಿ ಉದ್ದಕ್ಕೆ ಸೀಳಿ ಎದ್ದು ಬಡಿಯುತ್ತದೆ. ಬೇರೆ ಮರದ ನಡುವೆ ಸಿಕ್ಕಿ ಅಡ್ಡಕ್ಕೆ ಬಾಗಿದ ಕಾಂಡವಂತೂ ಹೆದೆ ಏರಿಸಿದ ಬಿಲ್ಲಿನ ಹಾಗೆ. ಉಬ್ಬಿದ ಮಗ್ಗುಲಲ್ಲಿ ನಿಂತು ಕೊಯ್ದವನ ಮೇಲೇ ಅದು ಚಿಮ್ಮುತ್ತದೆ.

ಇದಕ್ಕಿಂತ ಭಯದ್ದು ಬುಡ. ಮಣ್ಣು ಸಮೇತ ಕಿತ್ತು ನಿಂತ ಬೇರಿನ ಗೋಡೆಯನ್ನು ಹಿಡಿದಿಟ್ಟಿರುವುದು ಮಲಗಿದ ಕಾಂಡದ ಭಾರ. ಕಾಂಡ ಕೊಯ್ದ ಕೂಡಲೇ ಬೇರು ಹಿಂದಕ್ಕೆ ಮಗುಚಿ ಗುಂಡಿಯಲ್ಲಿ ಕೂರಬಹುದು. ಮುಂದಕ್ಕೂ ಉರುಳಬಹುದು. ಆ ಗುಂಡಿಯ ಹತ್ತಿರ ಯಾರನ್ನೂ ಬಿಡಬಾರದು, ಮಕ್ಕಳನ್ನಂತೂ ಬಿಡಲೇಬಾರದು. ಬೇರಿಗೆ ವಿಂಚ್ (ಹಗ್ಗ ಎಳೆದು ಬಿಗಿಯುವ ಸಾಧನ) ಕಟ್ಟಿ ಬಿಗಿದ ಮೇಲೇ ಕೈ ಹಾಕುವವರು ಇದ್ದಾರೆ. ಅಂಥವರನ್ನೇ ಕರೆಸಬೇಕು.

ದೊಡ್ಡ ಮಿಷನ್ ಇಲ್ಲಿ ಅಪಾಯ ಕಡಿಮೆ ಮಾಡುವುದಿಲ್ಲ. ಬಾರಿನ ಮೂತಿಯ ಮೇಲಿನ ಅಂಚು ಯಾವುದಕ್ಕಾದರೂ ತಗುಲಿದರೆ ಇಡೀ ಮಿಷನ್ ಮುಖದತ್ತ ಹಾರುತ್ತದೆ. ಬಿದ್ದ ಮರದ ಸುತ್ತ ಹರೆ, ಬಳ್ಳಿ, ಮುರಿದ ಕಾಫಿ ಗಿಡ ಎಲ್ಲ ಹೆಣೆದುಕೊಂಡಿರುತ್ತವೆ. 30 ಇಂಚಿನ ಬಾರಿನ ಮೂತಿ ದಿಮ್ಮಿಯ ಆಚೆ ಬದಿಯಲ್ಲಿ ಎಲ್ಲಿದೆ ಎಂದು ಕೊಯ್ಯುವವನಿಗೆ ಕಾಣುವುದೇ ಇಲ್ಲ. 70 ಸಿಸಿ ಮಿಷನ್ ಬರಿದೇ ಆರು ಕಿಲೋಗೆ ಮೇಲೆ ತೂಗುತ್ತದೆ. ಬಾರ್, ಚೈನ್, ಪೆಟ್ರೋಲ್, ಎಣ್ಣೆ ಸೇರಿದರೆ ಒಂಬತ್ತಕ್ಕೆ ಹತ್ತಿರ. ಒದ್ದೆ ಜಾರು ನೆಲದಲ್ಲಿ, ರೇನ್‌ಕೋಟ್ ಹಾಕಿಕೊಂಡು ಅದನ್ನು ಹಿಡಿಯಲು ದಿನವೂ ಅದೇ ಕೆಲಸ ಮಾಡುವ ತೋಳು ಬೇಕು.

ಮತ್ತೆ, ಅದು ವರ್ಷದಲ್ಲಿ ಎಷ್ಟು ದಿನ ಓಡುತ್ತದೆ? ಮಿಕ್ಕ ಕಾಲವೆಲ್ಲ ಗೋಡೌನಿನಲ್ಲಿ ಸುಮ್ನೆ ಕೂತಿರುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇದೆ. ಟ್ಯಾಂಕಿನಲ್ಲೇ ಬಿಟ್ಟರೆ ತೇವ ಎಳೆದುಕೊಳ್ಳುತ್ತದೆ, ಕಾರ್ಬೊರೇಟರಿನ ಡಯಾಫ್ರಂ ಕೆಡುತ್ತದೆ. ಬೇಕಾದ ದಿನವೇ ಸ್ಟಾರ್ಟ್ ಆಗುವುದಿಲ್ಲ.

ಚಿಕ್ಕ ಮಿಷನ್ನಿಗೆ ಬಲವಿಲ್ಲ ಎಂಬ ದೂರಿನಲ್ಲಿ ಅರ್ಧ ಮೊಂಡು ಚೈನಿನ ದೂರು. ಚೈನ್ ಹರಿತವಿದ್ದರೆ ಚಕ್ಕೆ ಉದುರುತ್ತದೆ. ಹುಡಿ ಬರುತ್ತಿದ್ದರೆ ಒತ್ತುವುದು ನಿಲ್ಲಿಸಿ ಅರ ಹಾಕಬೇಕು. ಹಲ್ಲಿನ ಮುಂದಿರುವ ಗಿಡ್ಡ ಗೂಟವನ್ನೂ ನೋಡಬೇಕು. ಹಲ್ಲು ಸವೆದ ಹಾಗೆ ಅದನ್ನೂ ಅಳತೆ ಇಟ್ಟು ತಗ್ಗಿಸದಿದ್ದರೆ ಚೈನ್ ಮರವನ್ನು ಸವರಿಕೊಂಡು ಹೋಗುತ್ತದೆ ಅಷ್ಟೇ.

ನನ್ನ ಮಾತು ಇಷ್ಟು. 50 ಸಿಸಿ ಆಸುಪಾಸಿನ ಒಳ್ಳೆಯ ಮಿಷನ್, 18 ಇಂಚಿನ ಬಾರ್ ಇರಲಿ. ರಸ್ತೆ ಬಿಡಿಸಲು, ಕೊಂಬೆ ಸವರಲು ಅದು ಸಾಕು, ಆ ಕೆಲಸಕ್ಕೆ ಯಾರಿಗೂ ಕಾಯಬೇಕಾಗಿಲ್ಲ. ಉಳಿದ ದುಡ್ಡಿನಲ್ಲಿ ತೊಡೆಗೆ ಕಟ್ಟುವ ಚೈನ್ ತಡೆಯುವ ಬಟ್ಟೆ, ಮುಖಜಾಲರಿ ಇರುವ ಹೆಲ್ಮೆಟ್, ಕಿವಿಗೆ ಮುಚ್ಚಳ, ಎರಡು ಚೈನ್, ಕೊಯ್ದ ಸಂದು ಮುಚ್ಚಿಕೊಳ್ಳದಂತೆ ಹೊಡೆಯಲು ಪ್ಲಾಸ್ಟಿಕ್ ಬೆಣೆ ತನ್ನಿ. ಕಬ್ಬಿಣದ ಬೆಣೆಗೆ ಚೈನ್ ತಾಗಿದರೆ ಹಲ್ಲು ಹೋದಂತೆಯೇ. ಬೀಟೆ, ತೇಗ, ಹೊನ್ನೆಯಂಥ ನಾಟಾ ಮರವಾದರೆ ದಿಮ್ಮಿ ಮಾಡುವ ಮೊದಲು ಅರಣ್ಯ ಇಲಾಖೆಗೆ ತಿಳಿಸಿ. ದಪ್ಪ ಕಾಂಡಕ್ಕೆ ಪಳಗಿದವನನ್ನೇ ಕರೆಸಿ. ಬಂದವನಿಗೆ ತುಂಡಿನ ಲೆಕ್ಕದಲ್ಲಿ ಕೂಲಿ ಕೊಡಬೇಡಿ, ದಿನದ ಲೆಕ್ಕದಲ್ಲಿ ಕೊಡಿ. ಮರದ ಸುತ್ತ ಒಂದು ಗಂಟೆ ಓಡಾಡಿ ನೋಡಿದ ಹೊತ್ತಿಗೂ ಅವನಿಗೆ ಸಂಬಳ ಸಿಗಬೇಕು.