ಒಂದು ಗಂಟೆಯ ಲೆಕ್ಕ ಪೂರ್ತಿ ಅಲ್ಲ

ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಒಂದೇ ಗಂಟೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ತಪ್ಪಲ್ಲ. ನೇರ ದೂರ ಸುಮಾರು 300 ಕಿ.ಮೀ. ಅಷ್ಟೇ. ಹಾಸನ, ಸಕಲೇಶಪುರ, ಶಿರಾಡಿ ಘಾಟಿ ದಾಟಿ ಹೋಗುವ ರಸ್ತೆ ಸುಮಾರು 350 ಕಿ.ಮೀ. ಆದರೆ ಆ ಒಂದು ಗಂಟೆ ನಂಬಿ ಹೊರಟರೆ ಕಷ್ಟ.

ನಮ್ಮ ಮನೆ ಜಯನಗರದಲ್ಲಿ. ಅಲ್ಲಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗುವುದಕ್ಕೇ ಸಂಜೆ ಹೊತ್ತು ಎರಡು ಗಂಟೆ ಬೇಕು. ಒಂದೂವರೆ ಗಂಟೆ ಮೊದಲೇ ಅಲ್ಲಿರಬೇಕು. ಇಳಿದ ಮೇಲೆ ಬ್ಯಾಗಿಗೆ ಕಾಯಬೇಕು, ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜಪೆಯಿಂದ ಊರೊಳಗೆ ಬರಬೇಕು. ಎಲ್ಲ ಸೇರಿ ಐದೂವರೆ ಗಂಟೆ ಆಗಿಯೇ ಆಗುತ್ತದೆ. ರಾತ್ರಿ ಬಸ್ಸು ಏಳೆಂಟು ಗಂಟೆ ತೆಗೆದುಕೊಳ್ಳುತ್ತದೆ, ಆದರೆ ಮಲಗಿ ಹೋಗಬಹುದು ಅಲ್ವಾ?

ಮಳೆಗಾಲದ ಮಾತೇ ಬೇರೆ. ಬಜಪೆಯ ರನ್‌ವೇ ಗುಡ್ಡದ ತಲೆಯ ಮೇಲಿದೆ. ಮಳೆ, ಮೋಡ ಜಾಸ್ತಿಯಾಗಿ ರನ್‌ವೇ ಕಾಣದಿದ್ದರೆ ವಿಮಾನ ಇಳಿಸುವುದಿಲ್ಲ. ಒಂದು ಜುಲೈನಲ್ಲಿ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದರು ಎಂದು ಗಾಬರಿಯಿಂದ ಹೊರಟಿದ್ದೆ. ವಿಮಾನ ಮೇಲೆ ಸುತ್ತು ಹಾಕಿ ಮತ್ತೆ ಬೆಂಗಳೂರಿಗೇ ಬಂತು. ಪೈಲಟ್ ಮಾಡಿದ್ದು ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ದಿನದ ಸಂಕಟ ಇನ್ನೂ ಮರೆತಿಲ್ಲ.

ಅವಸರ ಇಲ್ಲದವರು ಹಗಲು ರೈಲಿನಲ್ಲಿ ಹೋಗಿ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗೆ ಸುಮಾರು 55 ಕಿ.ಮೀ.ಗೆ 57 ಸುರಂಗಗಳು! ಮುಂದಿನ ಸಲ ಬರೆಯುವಾಗ ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಎಷ್ಟು ಹೊತ್ತು ಅಂತಲೂ ದಯವಿಟ್ಟು ಸೇರಿಸಿ.