ನನ್ನದು ಸ್ವಲ್ಪ ಜಾಸ್ತಿ ಮಾಡಿ

ನಮ್ಮ ಮಹಡಿ ಮೇಲಿನ ಕೋಣೆಯನ್ನು ನಾನು ಸ್ಟುಡಿಯೋ ಅಂತೀನಿ. ಮನೆಯವಳು ಸಾಮಾನಿನ ರೂಮು ಅಂತಾಳೆ. ಮೊನ್ನೆ ಭಾನುವಾರ ಅಲ್ಲೊಂದು ಭಾವಗೀತೆಯ ರೆಕಾರ್ಡಿಂಗ್ ಇತ್ತು. ಫ್ಯಾನ್ ಹಾಕುವ ಹಾಗಿಲ್ಲ, ಕಿಟಕಿ ತೆಗೆಯುವ ಹಾಗಿಲ್ಲ, ಕೆಳಗೆ ಕುಕ್ಕರ್ ಕೂಗುವ ಹಾಗಿಲ್ಲ. ಅದನ್ನೆಲ್ಲ ಹೇಗೋ ತಡೆದುಕೊಳ್ಳಬಹುದು. ತಡೆಯಲಾಗದ್ದು ಹೆಡ್‌ಫೋನ್ ಹಾಕಿಕೊಂಡ ಪ್ರತಿಯೊಬ್ಬರೂ ಹೇಳುವ ಒಂದೇ ಮಾತು: “ಸಾರ್, ನನ್ನದು ಸ್ವಲ್ಪ ಜಾಸ್ತಿ ಮಾಡಿ.”

ಮನೆ ಸ್ಟುಡಿಯೋದವರ ಗೋಳು ನಿಮಗೆ ಗೊತ್ತೇ ಇದೆ. ಮೈಕು, ಹೆಡ್‌ಫೋನುಗಳನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್ ಪೆಟ್ಟಿಗೆಯಲ್ಲಿ ಹೆಡ್‌ಫೋನ್ ತೂತು ಒಂದೋ ಎರಡೋ ಇರುತ್ತೆ, ಎರಡಿದ್ದರೂ ಎಷ್ಟೋ ಸಲ ಎರಡರಲ್ಲೂ ಬರೋದು ಒಂದೇ ಮಿಕ್ಸ್, ಅದೇ ಸದ್ದುಗಳ ಅದೇ ಬೆರಕೆ. ತಬಲಾ ಮೇಷ್ಟ್ರು ಕೇಳಿದರು ಅಂತ ತಬಲಾ ಏರಿಸಿದೆವು ಅನ್ನಿ, ಕೊಳಲಿನ ಹುಡುಗ “ಅಣ್ಣಾ, ನಾನು ಕೇಳಿಸ್ತಿಲ್ಲ” ಅಂತಾನೆ. ಕೊಳಲು ಏರಿಸಿದರೆ ಗಾಯಕರು ಹುಬ್ಬು ಗಂಟಿಕ್ಕುತ್ತಾರೆ. ಎಲ್ಲರದ್ದೂ ಜಾಸ್ತಿ ಮಾಡಿದ ಮೇಲೆ ಯಾರದ್ದೂ ಜಾಸ್ತಿ ಆಗಿರಲ್ಲ, ಸದ್ದು ಮಿತಿ ಮೀರಿತು ಅನ್ನುವ ಕೆಂಪು ದೀಪ ಮಾತ್ರ ಉರಿಯುತ್ತಿರುತ್ತೆ.

ಈ ಜಗಳವೇ ಬೇಡ ಅಂತ ಈ ಸಲ ಎಂಟು ಔಟ್‌ಪುಟ್ ಇರುವ ಇಂಟರ್‌ಫೇಸ್ ತಂದೆ. ಎರಡೆರಡು ಜೋಡಿಸಿದರೆ ನಾಲ್ಕು ಸ್ಟೀರಿಯೋ ಮಿಕ್ಸ್. ಒಬ್ಬೊಬ್ಬರ ಕಿವಿಗೂ ಸದ್ದು ಕಳಿಸುವ ಬೇರೆ ಬೇರೆ ದಾರಿ (ಸೆಂಡ್), ಎಲ್ಲವೂ ಪ್ರೀ ಫೇಡರ್. ಅಂದರೆ ನನ್ನ ಕಿವಿಗೆ ನಾನು ಏನು ಏರಿಸಲಿ, ಇಳಿಸಲಿ, ಅವರ ಕಿವಿಗೆ ಅದು ತಾಗಲ್ಲ. ಕಂಪ್ಯೂಟರ್ ಒಂದು ಸಲಕ್ಕೆ ಸದ್ದಿನ ಎಷ್ಟು ಚೂರು (ಸ್ಯಾಂಪಲ್) ಕೂಡಿಸಿಕೊಂಡು ಕೆಲಸ ಮಾಡುತ್ತೆ ಅನ್ನುವ ಲೆಕ್ಕವನ್ನು, ಅಂದರೆ ಬಫರನ್ನು, 128ಕ್ಕೆ ಇಳಿಸಿದೆ. 512 ಇಟ್ಟರೆ ಸದ್ದು ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ 20 ಮಿಲಿ ಸೆಕೆಂಡ್ ದಾಟಿರುತ್ತೆ. ತಾನು ಬಾರಿಸಿದ್ದನ್ನೇ ಏಳು ಮೀಟರ್ ಆಚೆ ಇನ್ಯಾರೋ ಬಾರಿಸಿದ ಹಾಗೆ ಕೇಳಿದರೆ ಯಾವ ಮೇಷ್ಟ್ರು ಸುಮ್ನೆ ಇರ್ತಾರೆ?

ತಬಲಾ ಸದ್ದು ಹಾಡಿನ ಮೈಕಿಗೆ ನುಗ್ಗಬಾರದಲ್ವಾ, ಅದಕ್ಕೆ ಮೇಷ್ಟ್ರನ್ನು ಪಕ್ಕದ ಬೆಡ್‌ರೂಮಿನಲ್ಲಿ ಬೀರು ಪಕ್ಕ ಕೂರಿಸಿದೆ. ಒಬ್ಬರಿಗೊಬ್ಬರು ಕಾಣಲಿ ಅಂತ ಬಾಗಿಲು ಒಂದು ಸಂದಿಯಷ್ಟು ತೆರೆದಿತ್ತು. ಯಾರ್ಯಾರಿಗೆ ಏನೇನು ಬೇಕು ಅಂತ ಕೇಳಿದೆ. ಮೇಷ್ಟ್ರಿಗೆ ತಬಲಾ, ಲಯ ತಪ್ಪದಿರಲಿ ಅಂತ ಕಿವಿಗೆ ಹಾಕುವ ಟಿಕ್ ಟಿಕ್ ಸದ್ದು (ಕ್ಲಿಕ್), ಸ್ವಲ್ಪ ತಂಬೂರಿ. “ಹಾಡು ತೆಗೆದುಬಿಡಿ ಸಾರ್, ಸಾಹಿತ್ಯ ಕಿವಿಗೆ ಬಿದ್ದರೆ ಗಮನ ಹೋಗುತ್ತೆ.” ತೆಗೆದೆ. ಗಾಯಕರಿಗೆ ತಮ್ಮ ಧ್ವನಿ, ಅದರ ಮೇಲೆ ಧಾರಾಳ ರಿವರ್ಬ್, ಅಂದರೆ ಗುಂಯ್ ಅನ್ನುವ ಅನುರಣನ. ಅದು ಬರೀ ಕಿವಿಗೆ, ರೆಕಾರ್ಡಿಂಗಿಗೆ ಹೋಗಲ್ಲ. ಕೊಳಲಿನ ಹುಡುಗ ಒಂದು ಕಿವಿ ಮುಚ್ಚಿ ಹೆಡ್‌ಫೋನಿನ ಇನ್ನೊಂದು ಕಪ್ಪನ್ನು ಹಿಂದಕ್ಕೆ ತಳ್ಳಿಕೊಂಡ. ಅದರಿಂದ ಸೋರಿದ ಟಿಕ್ ಟಿಕ್ ಪ್ರತಿ ಚರಣದ ಕೊನೆಯಲ್ಲೂ ನೀಟಾಗಿ ರೆಕಾರ್ಡ್ ಆಗಿದೆ.

ಆದರೂ ಟೇಕ್ ಚೆನ್ನಾಗಿ ಬಂತು. ಕಾಫಿಗೆ ಬಿಟ್ಟೆ. ನಾನು ಟೇಕ್ ಹಾಕಿ ಕೇಳ್ತಿದ್ದೆ. ಗಾಯಕರು ಲೋಟ ಹಿಡಿದು ಬೆಡ್‌ರೂಮಿಗೆ ಹೋದವರು, ಮೇಷ್ಟ್ರ ಹೆಡ್‌ಫೋನನ್ನು ಎತ್ತಿ ಹಾಕಿಕೊಂಡರು.

ಮೊದಲು ಮುಗುಳ್ನಕ್ಕರು. ಆಮೇಲೆ ಎಡದ ಕಪ್ಪನ್ನು ಬೆರಳಲ್ಲಿ ತಟ್ಟಿದರು. ವೈರ್ ಜಗ್ಗಿ ನೋಡಿದರು. ಎಡ ಬಲ ತಿರುಗಿಸಿ ಹಾಕಿಕೊಂಡರು. ಕಣ್ಣು ಮುಚ್ಚಿ ಕಾದರು.

“ಪಲ್ಲವಿ ಶುರುವಾಗಿರಬೇಕಲ್ಲ?”

“ಆಗಿ ಮುಗಿಯಿತು ಸಾರ್,” ಅಂದೆ.

“ನಾನು ಬರ್ತಾನೇ ಇಲ್ಲ!”

ಯಾರೂ ಮಾತಾಡಲಿಲ್ಲ. ಮೇಷ್ಟ್ರು ಕಾಫಿಯ ಕೆನೆ ತೆಗೆಯುವುದರಲ್ಲಿ ಮುಳುಗಿದರು. ಗಾಯಕರು ಒಂದನೇ ಚರಣಕ್ಕೆ ಕಾದರು, ಎರಡನೆಯದಕ್ಕೂ ಕಾದರು. ತಬಲಾ ಧೂಳೆಬ್ಬಿಸುತ್ತಿತ್ತು. ಕೊನೆಗೆ ಹೆಡ್‌ಫೋನ್ ತೆಗೆದು ಮೇಷ್ಟ್ರನ್ನು ಮೆಲ್ಲಗೆ ಕೇಳಿದರು: “ಮತ್ತೆ ಬಾಗಿಲ ಸಂದಿಯಿಂದ ನೋಡ್ತಾ ಇದ್ದೆನಲ್ಲ, ನೀವು ಆಹಾ ಅಂತ ತಲೆ ಆಡಿಸ್ತಿದ್ದಿರಿ. ಅದು ಯಾವುದಕ್ಕೆ?”

“ತಾಳಕ್ಕೆ ಸಾರ್.”

ಪಾಪ, ಆ ತಲೆಯಾಟ ನೋಡಿಯೇ ಅವರು ಎರಡನೇ ಚರಣದಲ್ಲಿ ಒಂದು ಸಂಗತಿ ಜಾಸ್ತಿ ಹಾಕಿದ್ದರು. ಈಗ ಅವರ ಬೇಡಿಕೆ, ತಮ್ಮ ಧ್ವನಿ ಎಲ್ಲರ ಕಿವಿಯಲ್ಲೂ ಇರಬೇಕು, ಕಡೇಪಕ್ಷ ಮರ್ಯಾದೆಗಾದರೂ. ಮೇಷ್ಟ್ರು ಬಿಡ್ತಾರಾ? ಎದ್ದು ಬಂದು ಗಾಯಕರ ಹೆಡ್‌ಫೋನ್ ಹಾಕಿಕೊಂಡರು. “ಇದೇನು ಸಾರ್, ಗೋಳಗುಮ್ಮಟದೊಳಗೆ ಕೂತು ಹಾಡ್ತಿದ್ದೀರಾ? ತಬಲಾ ಎಲ್ಲಿ? ಪಕ್ಕದ ಬೀದೀಲಾ?”

ಅಷ್ಟು ದುಡ್ಡು ಸುರಿದು, ಅಷ್ಟು ವೈರ್ ಎಳೆದು ನಾನು ಸಾಧಿಸಿದ್ದು ಇದು. ಮೂವರು, ಒಂದೇ ಹಾಡು, ಮೂರು ಬೇರೆ ಬೇರೆ ಲೋಕ. ಒಂದೇ ಮೈಕಿನ ಕಾಲದಲ್ಲಿ ಬ್ಯಾಲೆನ್ಸ್ ಅಂದರೆ ಕೂರುವ ಜಾಗ ಬದಲಿಸುವುದು. ಹಾಡುವವರು ಮುಂದೆ, ತಬಲಾ ಎರಡು ಹೆಜ್ಜೆ ಹಿಂದೆ. ಜಾಸ್ತಿ ಆಯ್ತಾ, ಇನ್ನೊಂದಿಷ್ಟು ಹಿಂದೆ ಸರೀರಿ. ಒಬ್ಬರು ಉಸಿರು ತೆಗೆದುಕೊಂಡರೆ ಇನ್ನೊಬ್ಬರಿಗೆ ಗೊತ್ತಾಗುತ್ತಿತ್ತು. ತಪ್ಪಿದರೆ ಎಲ್ಲರೂ ಮೊದಲಿನಿಂದ ಹಾಡಬೇಕಿತ್ತು, ಅದೂ ನಿಜ. ಆದರೆ ಯಾರ ಕಿವಿಯಿಂದಲೂ ಯಾರನ್ನೂ ತೆಗೆದುಹಾಕುವ ಗುಂಡಿ ಇರಲಿಲ್ಲ.

ನನ್ನ ಹತ್ತಿರ ಇದೆ. ಮುಂದಿನ ಟೇಕಿಗೆ ಮೇಷ್ಟ್ರ ಕಿವಿಗೆ ಹಾಡು ಏರಿಸಿದೆ. ಗಾಯಕರು ಹೋಗಿ ಕೇಳಿ, ಖಾತ್ರಿ ಮಾಡಿಕೊಂಡು ಬಂದು ಮೈಕ್ ಮುಂದೆ ನಿಂತರು. ನಾನು ರೆಕಾರ್ಡ್ ಒತ್ತುವ ಮೊದಲೇ ಬಾಗಿಲ ಸಂದಿಯಲ್ಲಿ ಮೇಷ್ಟ್ರ ಕೈ ಕಾಣಿಸಿತು. ಬೆರಳು ಕೆಳಗೆ ತೋರಿಸ್ತಾ ಇತ್ತು. ಇಳಿಸಿದೆ.

ರಾತ್ರಿ ಮೇಷ್ಟ್ರ ಮೆಸೇಜ್: “ಮೊದಲನೇ ಟೇಕಿನಲ್ಲಿ ನನ್ನ ಕಿವಿಗೆ ಬಂದ ಮಿಕ್ಸ್ ಇದೆಯಲ್ಲ, ಅದನ್ನೇ ಕಳಿಸಿ. ಅದೇ ಚೆನ್ನಾಗಿದೆ.” ಕಳಿಸಿದೆ. ಬೆಳಿಗ್ಗೆ ನೋಡಿದರೆ ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕಿಕೊಂಡಿದ್ದಾರೆ, ‘ನಮ್ಮ ಹೊಸ ಭಾವಗೀತೆ’ ಅಂತ. ಗಾಯಕರ ಫೋನ್ ಬರ್ತಾನೇ ಇದೆ. ನಾನು ಇನ್ನೂ ಎತ್ತಿಲ್ಲ.